ಡಬ್ಬಿ ಮೇಸ್ತ್ರಿಯ ಸ್ಟೀಲ್ ಕ್ಯಾರಿಯರು

ಪ್ಲಾಸ್ಟಿಕ್ ಡಬ್ಬಿಗಳ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅಚ್ಚಿನ ಯಂತ್ರ ನೋಡಿಕೊಳ್ಳುತ್ತಿದ್ದವನಿಗೆ ಬೀದಿಯವರು ಇಟ್ಟ ಹೆಸರು ಡಬ್ಬಿ ಮೇಸ್ತ್ರಿ. ಹೆಸರಿಗೆ ತಕ್ಕಂತೆ ಅವನ ಅಡುಗೆಮನೆಯಲ್ಲಿ ಡಬ್ಬಿಗಳದೇ ದರ್ಬಾರು. ಮುಚ್ಚಳ ಸೊಟ್ಟಗಾದದ್ದು, ಬಣ್ಣ ಹದ ತಪ್ಪಿದ್ದು, ಹೀಗೆ ಕಾರ್ಖಾನೆ ಬೇಡವೆಂದದ್ದೆಲ್ಲ ಅವನ ಕೈಚೀಲದಲ್ಲಿ ಮನೆಗೆ ಬರುತ್ತಿತ್ತು. ಹೊಲಿಗೆ ಕೆಲಸದ ಹೆಂಡತಿ ಅವನ್ನು ಬಣ್ಣದ ಪ್ರಕಾರ ಜೋಡಿಸಿಡುತ್ತಿದ್ದಳು. ಕಪಾಟಿನ ಬಾಗಿಲು ತೆಗೆಯುವಾಗ ಒಂದು ಕೈ ಅಡ್ಡ ಹಿಡಿಯದಿದ್ದರೆ ಎಲ್ಲವೂ ತಲೆಯ ಮೇಲೆಯೇ.

ಹೀಗಿರುವಾಗ ಅವನ ಅಕ್ಕ ಮಂಡಿ ಆಪರೇಷನ್ ಮಾಡಿಸಿಕೊಂಡು ಮೂರು ವಾರ ಇರಲು ಬಂದಳು. ನಿವೃತ್ತ ನರ್ಸು. ಓಡಾಡುವಂತಿರಲಿಲ್ಲ, ಆದರೆ ಕಣ್ಣು, ಬಾಯಿ ಎರಡೂ ನೆಟ್ಟಗಿದ್ದವು. ಅಡುಗೆಮನೆಯ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡು ಕೂತಳು. ತಮ್ಮನ ಹೆಂಡತಿ ಒಲೆಯಿಂದ ಇಳಿಸಿದ ಟೊಮೆಟೊ ಸೂಪನ್ನು ಹಾಗೇ ಹಳದಿ ಡಬ್ಬಿಗೆ ಸುರಿದಾಗ ಹುಬ್ಬೇರಿಸಿದಳು. ಮರುದಿನ ಅದೇ ಡಬ್ಬಿ ಮೈಕ್ರೋವೇವಿನೊಳಗೆ ಗಿರಗಿರ ತಿರುಗುವುದನ್ನು ಕಂಡಮೇಲೆ ಸುಮ್ಮನಿರಲಾಗಲಿಲ್ಲ. ಬಿಸಿಯದ್ದು, ಎಣ್ಣೆಯದ್ದು, ಹುಳಿಯದ್ದು ಬಿದ್ದರೆ ಪ್ಲಾಸ್ಟಿಕ್ಕಿನಲ್ಲಿರುವುದು ಅಷ್ಟಿಷ್ಟು ಊಟಕ್ಕೆ ಇಳಿಯುತ್ತದೆ, ನಾಳೆಯೇ ಪ್ರಾಣ ಹೋಗುವಂಥದ್ದೇನಲ್ಲ, ಆದರೆ ದಿನಾ ಯಾಕೆ ಎಂದಳು.

ಮೇಸ್ತ್ರಿಗೆ ಮುಖಕ್ಕೆ ಹೊಡೆದಂತಾಯಿತು. ಡಬ್ಬಿಯನ್ನು ಬೋರಲು ಹಾಕಿ, ತಳದಲ್ಲಿ ಒತ್ತಿದ ತ್ರಿಕೋನದ ಗುರುತು ತೋರಿಸಿ, ಇದು ಊಟಕ್ಕೆಂದೇ ಮಾಡಿದ ಮಾಲು, ತಾನೇ ನಿಂತು ತೆಗೆಸಿದ್ದು ಎಂದು ಅರ್ಧ ಗಂಟೆ ಭಾಷಣ ಬಿಗಿದ. ಅಕ್ಕ ಎಲ್ಲ ಕೇಳಿಸಿಕೊಂಡು, ತನಗೆ ಮಾತ್ರ ಪಿಂಗಾಣಿ ಬಟ್ಟಲಿನಲ್ಲಿ ಕೊಡಲು ಹೇಳಿದಳು. ಅವನು ಎರಡು ದಿನ ಮುಖ ಊದಿಸಿಕೊಂಡು ತಿರುಗಿದ.

ಮೂರನೆಯ ಸಂಜೆ ಅವನು ಕೆಲಸದಿಂದ ಬಂದು ತೊಳೆಯಲು ಇಟ್ಟ ಬುತ್ತಿಪಾತ್ರೆಯ ಮೇಲೆ ಅಕ್ಕನ ಕಣ್ಣು ಬಿತ್ತು.

"ತಮ್ಮಾ, ಅದು ಯಾರದು?"

"ನಂದೇ. ಊಟದ ಕ್ಯಾರಿಯರು."

"ಎಂಥಾ ಕ್ಯಾರಿಯರು?"

"ಸ್ಟೀಲಿಂದು" ಎನ್ನುತ್ತಾ ಅವನು ಅದನ್ನು ಪಾತ್ರೆಗಳ ಹಿಂದಕ್ಕೆ ಸರಿಸಿದ.

ಬಾಯಿ ಬಿಡಿಸುವುದು ನರ್ಸಿಗೆ ಹೊಸದಲ್ಲ. ಯಂತ್ರದ ಮುಂದೆ ನಿಲ್ಲುವವರು ಯಾರೂ ಬಿಸಿ ಊಟವನ್ನು ಡಬ್ಬಿಗೆ ಹಾಕುವುದಿಲ್ಲವೆಂದೂ, ಕೆಲಸಕ್ಕೆ ಸೇರಿದ ದಿನವೇ ಹಳೆಯ ಮೇಸ್ತ್ರಿ ಹಾಗೆ ಹೇಳಿಕೊಟ್ಟಿದ್ದನೆಂದೂ ಅವನು ಒಪ್ಪಿಕೊಳ್ಳಬೇಕಾಯಿತು. ಹೆಂಡತಿ ಕತ್ತರಿ ಕೆಳಗಿಟ್ಟಳು.

"ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ?"

"ನೀನು ಆ ಬಣ್ಣ ನೋಡಿ ಖುಷಿಪಡ್ತಿದ್ದೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ."

"ಖುಷೀನಾ? ಪಾಪ, ಅಷ್ಟು ದೂರದಿಂದ ಹೊತ್ತು ತರ್ತೀರಲ್ಲ, ಬೇಜಾರಾಗಬಾರದು ಅಂತ ಜೋಡಿಸಿಡ್ತಿದ್ದೆ. ನನಗೆ ಆ ಹಳದಿ ಕಂಡ್ರೇ ಆಗಲ್ಲ."

ಅಕ್ಕ ಮಂಡಿ ಹಿಡಿದುಕೊಂಡು ನಕ್ಕಳು. ನಕ್ಕರೆ ನೋವು, ನಗದಿದ್ದರೆ ಇನ್ನೂ ನೋವು.

ಭಾನುವಾರ ಮೇಸ್ತ್ರಿಯೇ ಕಪಾಟಿನ ಮುಂದೆ ಚಕ್ಕಂಬಕ್ಕಳ ಹಾಕಿದ. ಒಂದೊಂದನ್ನೂ ಬೆಳಕಿಗೆ ಹಿಡಿದು, ಗೀರು ಬಿದ್ದದ್ದು, ಬಿಳಿಚಿಕೊಂಡದ್ದು, ಸೀಳಿದ್ದು ಎಂದು ಆರಿಸಿದ; ಕಾರ್ಖಾನೆಯಲ್ಲೂ ಅಷ್ಟು ಕಟ್ಟುನಿಟ್ಟಾಗಿ ಮಾಲು ನೋಡಿರಲಾರ. ಚೆನ್ನಾಗಿದ್ದವುಗಳಲ್ಲಿ ಒಣಕಾಳು ಕೂತವು. ಉಳಿದವು ಗುಂಡಿ, ದಾರ, ಹುಕ್ಕುಗಳಿಗೆ ಹೋದವು. ಊರಿನ ಅಂಗಿಗಳಿಗೆಲ್ಲ ಗುಂಡಿ ಹಾಕಿದರೂ ಆ ಡಬ್ಬಿಗಳು ತುಂಬುವಂತಿರಲಿಲ್ಲ. ಸೂಪಿಗೆ ಗಾಜಿನ ಜಾಡಿ ಬಂತು.

ಅಷ್ಟಕ್ಕೇ ಬಿಡದೆ ಅಕ್ಕ ಊರುಗೋಲಿನ ತುದಿಯಿಂದ ನಾನ್‌ಸ್ಟಿಕ್ ಬಾಣಲೆಯನ್ನು ತೋರಿಸಿದಳು. ಸೌಟು ಕೆರೆದು ಕೆರೆದು ಅದರ ಕಪ್ಪು ಲೇಪ ಅರ್ಧಕ್ಕರ್ಧ ಎದ್ದುಹೋಗಿತ್ತು. ಮೇಸ್ತ್ರಿ ಮರುದಿನವೇ ಬೀಡುಕಬ್ಬಿಣದ್ದೊಂದು ತಂದ. ಮೊದಲ ಮೊಟ್ಟೆ ಬಾಣಲೆಗೆ ಗಾರೆಯಂತೆ ಅಂಟಿತು. ಎರಡನೆಯದನ್ನು ಉಳಿಯಿಂದ ಎಬ್ಬಿಸುವುದಷ್ಟೇ ಬಾಕಿ. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ತೊಳೆದು, ಉರಿಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಚೆನ್ನಾಗಿ ಕಾಯಿಸು ಎಂದು ಕುರ್ಚಿಯಿಂದ ಅಪ್ಪಣೆ ಬರುತ್ತಲೇ ಇತ್ತು. ನಾಲ್ಕು ದಿನ ಹಾಗೆ ಪಳಗಿಸಿದ ಮೇಲೆ ಮೊಟ್ಟೆ ತಾನಾಗಿ ತಟ್ಟೆಗೆ ಜಾರಿತು. ಅವನು ಅದನ್ನು ನಿಂತೇ ತಿಂದ, ಯಾರಿಗೂ ಒಂದು ತುಣುಕೂ ಕೊಡಲಿಲ್ಲ.

ಮೂರು ವಾರ ಮುಗಿದ ಮೇಲೆ ಅಕ್ಕ ಊರುಗೋಲು ಊರಿಕೊಂಡು ತನ್ನ ಮನೆಗೆ ಹೊರಟಳು. ಆದರೆ ಮೇಸ್ತ್ರಿ ಈಗ ಹೋದ ಕಡೆಯೆಲ್ಲ ಅಡುಗೆಮನೆಗೆ ನುಗ್ಗಿ, ಡಬ್ಬಿಗಳ ತಳ ತಿರುಗಿಸಿ ಪಾಠ ಹೇಳುತ್ತಾನೆ. ಅವನನ್ನು ಊಟಕ್ಕೆ ಕರೆಯಲು ನೆಂಟರು ಹಿಂದೆ ಮುಂದೆ ನೋಡುತ್ತಿದ್ದಾರೆ.