ಬೆಡ್‌ಶೀಟಿನ ಮೇಲೆ ಬಿದ್ದ ತುಕ್ಕಿನ ಕಲೆ

ಆ ಕಂದು ಕಲೆ ಮೊದಲು ಕಂಡದ್ದು ಹೆರಿಗೆ ವಾರ್ಡಿನ ಬೆಡ್‌ಶೀಟಿನ ಮೇಲೆ. ಅಂಗೈಯಗಲ ಇತ್ತು. ಅಂಚು ಹಳದಿ, ನಡುವೆ ಇಟ್ಟಿಗೆ ಬಣ್ಣ. ಆಸ್ಪತ್ರೆಯ ಬಟ್ಟೆ ಕೋಣೆಯ ಗುಮಾಸ್ತ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಕೈ ತೊಳ್ಕೊಂಡು ಬಟ್ಟೆ ಮುಟ್ಟೋ ಅಭ್ಯಾಸ ಇಲ್ವಾ ನಿಮಗೆ?" ಎಂದ.

ಅವನ ಮುಂದೆ ನಿಂತಿದ್ದವರು ಆರು ಜನ ಹೆಂಗಸರು. ಆಸ್ಪತ್ರೆಯ ಬಟ್ಟೆ ಒಗೆಯುವವರು. ಸೋಪಿನ ನೀರಲ್ಲಿ, ಬ್ಲೀಚಿಂಗ್ ನೀರಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಯ ಗೆರೆಗಳೇ ಸವೆದು ಹೋಗಿದ್ದವು. ಆ ಕಟ್ಟಡದಲ್ಲಿ ಅವಕ್ಕಿಂತ ಹೆಚ್ಚು ತೊಳೆದ ಕೈ ಡಾಕ್ಟರದೂ ಇರಲಿಲ್ಲ. ಆದರೂ ಮಾತು ಕೇಳಿಸಿಕೊಂಡದ್ದು ಆ ಕೈಗಳೇ.

ಒಗೆದ ಬಟ್ಟೆ ಸಾಗಿಸುವ ಗಾಡಿಯವನು ಬಾಗಿಲ ಬಳಿ ನಿಂತಿದ್ದ. ಆರು ಜನರಲ್ಲಿ ಒಬ್ಬಳು ಅವನ ಹೆಂಡತಿ, ಇನ್ನೊಬ್ಬರು ಅವನ ಅತ್ತಿಗೆ. ಅವನಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟು ಗುಮಾಸ್ತನ ಮೇಲೆ ಹೋಗುವ ಬದಲು ಹೆಂಗಸರ ಮೇಲೇ ತಿರುಗಿತು. "ಸ್ವಲ್ಪ ನೋಡ್ಕೊಂಡು ಒಗೀಬಾರ್ದಾ?" ಎಂದ, ಹೊರಗೆ ಬಂದ ಮೇಲೆ.

"ನೀನು ಸ್ವಲ್ಪ ನೋಡ್ಕೊಂಡು ಮಾತಾಡು," ಎಂದರು ಅತ್ತಿಗೆ.

ಅವರ ಕೆಲಸದ ರೀತಿ ಹೀಗೆ. ಒಗೆಯುವ ಮನೆ ಇರುವುದು ದಿಬ್ಬದ ಮೇಲೆ, ಆಸ್ಪತ್ರೆಯ ಹಿತ್ತಿಲಲ್ಲಿ. ಅಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲ. ಒಣಗಿಸುವ ಬಯಲು ಇಳಿಜಾರಿನ ಬುಡದಲ್ಲಿ. ಹಿಂಡಿದ ಬಟ್ಟೆಗಳನ್ನು ಗಂಟು ಕಟ್ಟಿ, ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ಗಾಡಿಗೆ ಹೇರುತ್ತಾರೆ. ಗಂಟುಗಳ ಮೇಲೆ ಆರೂ ಜನ ಹತ್ತಿ ಕೂರುತ್ತಾರೆ. ಗಾಡಿ ಎರಡು ತಿರುವು ದಾಟಿ ಇಳಿಯುತ್ತದೆ. ಹದಿನೇಳು ವರ್ಷದಿಂದ ದಿನಾ ಹೀಗೇ.

ಗಾಡಿ ಅಂದರೆ ಒಂದು ಹಳೆಯ ಪಿಕಪ್. ಮನೆಯಲ್ಲಿ ಅದಕ್ಕೆ 'ಹಿರಿಮಗ' ಅಂತಲೇ ಹೆಸರು, ಮಗಳು ಹುಟ್ಟುವ ಮುಂಚೆಯೇ ಮನೆಗೆ ಬಂದದ್ದರಿಂದ. ಮಗಳು ಪಿಯುಸಿ ಓದುತ್ತಿರುವುದು ಈ ಗಾಡಿಯಿಂದ. ಅಮ್ಮನ ಕಣ್ಣಿನ ಆಪರೇಷನ್ ಆದದ್ದೂ ಇದರಿಂದಲೇ. ಗಾಡಿಯವನು ಅದನ್ನು ಮರೆತವನಲ್ಲ. ಬಾನೆಟ್ಟು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಎಲ್ಲಾದರೂ ತುಕ್ಕು ಕಂಡರೆ ಅವತ್ತೇ ಬಣ್ಣ ಬಳಿಯುತ್ತಿದ್ದ. ಹಿಂದಿನ ತೊಟ್ಟಿಯ ನೆಲ ಬಟ್ಟೆಗೆ ತಾಗಬಾರದೆಂದು ಎರಡು ವರ್ಷದ ಹಿಂದೆ ದಪ್ಪ ರಬ್ಬರ್ ಮ್ಯಾಟು ತಂದು, ತಾನೇ ಡ್ರಿಲ್ ಹಿಡಿದು ಇಪ್ಪತ್ತು ಸ್ಕ್ರೂ ಹೊಡೆದು ಕೂರಿಸಿದ್ದ. "ಅರಮನೆ ಥರ ಮಾಡಿದೀನಿ," ಅಂತ ಆಗ ಬೀದಿಗೆಲ್ಲ ತೋರಿಸಿದ್ದ.

ಕಲೆ ಮರುದಿನವೂ ಬಂತು, ಅದರ ಮರುದಿನವೂ ಬಂತು. ಗುಮಾಸ್ತ ಬೈದ. ಒಗೆಯುವ ಕೆಲಸದ ಗುತ್ತಿಗೆದಾರ ಫೋನ್ ಮಾಡಿ ಬೈದ.

ಅತ್ತಿಗೆ ಆ ಬೆಡ್‌ಶೀಟನ್ನು ಕಲ್ಲಿನ ಮೇಲೆ ಹರವಿ ಕೂತರು. "ರಕ್ತ ಆದ್ರೆ ತಣ್ಣೀರಿಗೆ ಬಿಡುತ್ತೆ. ಟೀ ಆದ್ರೆ ಬ್ಲೀಚಿಗೆ ಬಿಡುತ್ತೆ. ಇದು ಬ್ಲೀಚ್ ಹಾಕಿದಷ್ಟೂ ಗಟ್ಟಿಯಾಗಿ ಕೂರ್ತಿದೆ ಕಣೇ. ಹೀಗೆ ಹಟ ಹಿಡಿದು ಕೂರೋದು ತುಕ್ಕೊಂದೇ."

"ಒಗೆಯೋ ಮನೆಯಲ್ಲಿ ಕಬ್ಬಿಣ ಎಲ್ಲಿದೆ ಅಕ್ಕಾ? ಕಲ್ಲು, ಸಿಮೆಂಟು, ಪ್ಲಾಸ್ಟಿಕ್ ಡ್ರಮ್ಮು ಅಷ್ಟೆ," ಎಂದಳು ಹೆಂಡತಿ. ಇಬ್ಬರ ಕಣ್ಣೂ ಗಾಡಿಯ ಕಡೆ ತಿರುಗಿತು.

ಮಾರನೆಯ ದಿನದಿಂದ ಹೆಂಡತಿ ಒಂದು ಕೆಲಸ ಮಾಡಿದಳು. ಗಾಡಿಯ ಪ್ರತಿ ಮೂಲೆಯ ಗಂಟಿಗೂ ಒಂದೊಂದು ಬಣ್ಣದ ಚಿಂದಿ ಕಟ್ಟಿದಳು. ಮುಂದಿನ ಎರಡಕ್ಕೆ ಹಸಿರು, ನೀಲಿ. ಹಿಂದಿನ ಬಲಕ್ಕೆ ಹಳದಿ, ಹಿಂದಿನ ಎಡಕ್ಕೆ ಕೆಂಪು. ನಾಲ್ಕು ದಿನ ನೋಡಿದಳು. ನಾಲ್ಕೂ ದಿನ ಕಲೆ ಇದ್ದದ್ದು ಕೆಂಪು ಚಿಂದಿಯ ಗಂಟಿನಲ್ಲಿ ಮಾತ್ರ.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. "ಎಡಗಡೆ ಹಿಂದಿನ ಚಕ್ರದ ಮೇಲೆ ಮ್ಯಾಟಿನ ಅಂಚು ಎದ್ದಿದೆ. ನಾವು ಮೇಲೆ ಕೂತಾಗ ಅಲ್ಲಿಂದ ಕಂದು ನೀರು ಉಕ್ಕುತ್ತೆ ರೀ. ಕೆಳಗೆ ಏನೋ ಕೊಳೀತಿದೆ. ಒಂದ್ಸಲ ತೋರಿಸಿ."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಹದಿನೇಳು ವರ್ಷ ಒಂದು ದಿನ ದಾರೀಲಿ ಕೈ ಕೊಟ್ಟಿದೆಯಾ ಅದು? ಅನ್ನ ಹಾಕಿದ್ದನ್ನ ಅನುಮಾನಿಸ್ತೀಯಲ್ಲ, ನಿನಗೆ ಕೃತಜ್ಞತೆ ಅನ್ನೋದೇ ಇಲ್ಲ."

"ಹೋದ ತಿಂಗಳು ಬ್ರೇಕ್ ಒತ್ತಿದ್ರೆ ಸ್ವಲ್ಪ ಆಳಕ್ಕೆ ಹೋಗ್ತಿದೆ ಅಂದವರು ಯಾರು? ಬ್ರೇಕ್ ಆಯಿಲ್ ಎರಡು ಸಲ ತುಂಬಿದವರು ಯಾರು?"

"ವಯಸ್ಸಾದ ಮೇಲೆ ನಿಮ್ಮಪ್ಪನೂ ಆಗಾಗ ನೀರು ಕೇಳ್ತಾರೆ. ಹಾಗಂತ ಗುಜರಿಗೆ ಹಾಕ್ತೀವಾ?"

ಅವಳಿಗೆ ನಗು ಬಂತು. ಆದರೆ ಊಟ ಮುಗಿದದ್ದೇ ಎದ್ದು ಅತ್ತಿಗೆಯ ಬಳಿ ಹೋಗಿ ಎಲ್ಲ ಹೇಳಿದಳು.

ಮರುದಿನ ಬೆಳಿಗ್ಗೆ ಗಂಟುಗಳನ್ನೆಲ್ಲ ಗಾಡಿಗೆ ಹೇರಿ ಆದ ಮೇಲೆ ಆರೂ ಜನ ಸೆರಗು ಬಿಗಿದುಕೊಂಡು ಕೆಳಗೇ ನಿಂತರು.

"ಹತ್ತಿ, ಹೊತ್ತಾಯ್ತು," ಎಂದ ಗಾಡಿಯವನು.

"ನೀನು ಹೋಗಪ್ಪ. ನಾವು ನಡ್ಕೊಂಡು ಬರ್ತೀವಿ," ಎಂದರು ಅತ್ತಿಗೆ.

"ಅಷ್ಟು ದೂರನಾ?"

"ಕಾಲಿದೆಯಲ್ಲ. ಅದಿನ್ನೂ ತುಕ್ಕು ಹಿಡಿದಿಲ್ಲ."

ಗಾಡಿ ಮುಂದೆ, ಆರು ಜನ ಹೆಂಗಸರು ಹಿಂದೆ. ಅವರನ್ನು ಬಿಟ್ಟು ಮುಂದೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಮೊದಲ ಗೇರಿನಲ್ಲೇ ತೆವಳಿದ. ಇಡೀ ಬೀದಿ ನೋಡುತ್ತಿತ್ತು. ಟೀ ಅಂಗಡಿಯವನು ಲೋಟ ಹಿಡಿದುಕೊಂಡೇ ಹೊರಗೆ ಬಂದು, "ಏನಣ್ಣ, ಗಾಡಿಗೆ ಮೆರವಣಿಗೆನಾ?" ಎಂದ. ಗಾಡಿಯವನ ಕಿವಿ ಕೆಂಪಾಯಿತು. ಬಯಲಿನಲ್ಲಿ ಗಂಟು ಇಳಿಸಿದವನೇ, "ನಡೀರಿ, ಈಗಲೇ ಕಿವಿಯಜ್ಜನ ಹತ್ರ ಹೋಗೋಣ. ಅವರ ಬಾಯಿಂದಲೇ ಕೇಳಿಸಿಬಿಡ್ತೀನಿ," ಎಂದ.

ಕಿವಿಯಜ್ಜ ಆ ಊರಿನ ಹಳೆಯ ಮೆಕ್ಯಾನಿಕ್. ಶೆಡ್ಡು ಬಯಲಿನ ಎದುರಿಗೇ ಇತ್ತು. ಜೀವಮಾನವಿಡೀ ಸುತ್ತಿಗೆಯ ಸದ್ದಿನಲ್ಲಿ ಕೂತು ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಮಾತ್ರ ಕಬ್ಬಿಣದ ಹೊಟ್ಟೆಯೊಳಗಿನದೆಲ್ಲ ಕೇಳಿಸುತ್ತದೆ ಅನ್ನುತ್ತಿದ್ದರು ಜನ.

"ಅಜ್ಜಾ, ಗಾಡಿ ಗಟ್ಟಿಯಾಗಿದೆ ಅಂತ ಇವರ ಮುಂದೆ ಒಂದು ಮಾತು ಹೇಳಿ ಸಾಕು."

"ಹೇಳೋದು ನಾನಲ್ಲಪ್ಪ, ಅದು," ಎಂದು ಅಜ್ಜ ಒಂದು ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ಮಲಗಿದರು.

ಮುಂದಿನಿಂದ ತಟ್ಟುತ್ತ ಬಂದರು. ಠಣ್. ಠಣ್. ಠಣ್. ಗಾಡಿಯವನು ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಸುತ್ತಿಗೆ ಎಡಗಡೆಯ ಹಿಂದಿನ ಚಕ್ರದ ಹತ್ತಿರ ಬಂತು. ದಬ್. ಒದ್ದೆ ರಟ್ಟಿನ ಡಬ್ಬಿ ತಟ್ಟಿದ ಹಾಗೆ. ಅಜ್ಜ ಮತ್ತೆ ತಟ್ಟಿದರು. ದಬ್. ಕಬ್ಬಿಣದ ಹೊಪ್ಪಳೆಗಳು ಅವರ ಎದೆಯ ಮೇಲೆ ಉದುರಿದವು.

"ಒಂದು ಸ್ಕ್ರೂಡ್ರೈವರ್ ಕೊಡು. ನೀನೂ ಬಗ್ಗಿ ನೋಡು."

ಗಾಡಿಯವನು ಬಗ್ಗಿದ. ಇಡೀ ಗಾಡಿಯ ಭಾರ ಹೊರುವ ಚಾಸಿಯ ಉದ್ದನೆಯ ಪಟ್ಟಿ ಮೇಲೆ ಕಪ್ಪಗೆ, ನುಣ್ಣಗೆ ಇತ್ತು. ಅವನೇ ಬಳಿದ ಬಣ್ಣ. ಅಜ್ಜ ಸ್ಕ್ರೂಡ್ರೈವರನ್ನು ಮೆಲ್ಲಗೆ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು.

"ಇದಕ್ಕೆ ಬಣ್ಣ ಯಾವಾಗ ಹೊಡೆದೆ?"

"ಹೋದ ಬೇಸಿಗೇಲಿ."

"ತುಕ್ಕು ಕೆರೆದು ತೆಗೆದು ಹೊಡೆದೆಯಾ, ಮೇಲೇ ಹೊಡೆದೆಯಾ?"

"ಮೇಲೇ," ಎಂದ ಗಾಡಿಯವನು.

"ಮೇಲೇ ಹೊಡೆದ್ರೆ ತುಕ್ಕಿಗೆ ಕಂಬಳಿ ಹೊದಿಸಿದ ಹಾಗೆ. ಬೆಚ್ಚಗೆ ಒಳಗೇ ತಿಂತಾ ಇರುತ್ತೆ. ಈಗ ಹತ್ತಿ ಕೂತು ಬ್ರೇಕ್ ಒತ್ತು. ಗಾಡಿ ಸ್ಟಾರ್ಟ್ ಮಾಡ್ಕೋ. ದಾರೀಲಿ ಅಡ್ಡ ಏನೋ ಬಂತು ಅಂತ ತಿಳ್ಕೊಂಡು ಒತ್ತು, ಗಟ್ಟಿಯಾಗಿ."

ಅಜ್ಜ ಆಚೆ ಸರಿದು ಕೂತರು. ಗಾಡಿಯವನು ಒತ್ತಿದ. ಒಂದು ಕ್ಷಣ ಪೆಡಲು ತಡೆಯಿತು. ಆಮೇಲೆ ಅಡಿಯಲ್ಲಿ ಪಟ್ ಎಂದಿತು. ಕಾಲು ಹಾಗೇ ಇಳಿದು, ಪೆಡಲು ನೆಲ ಮುಟ್ಟಿತು.

ಹದಿನೇಳು ವರ್ಷ ಆ ಪೆಡಲನ್ನು ತುಳಿದವನು ಅವನು. ಅದು ನೆಲ ಮುಟ್ಟಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಇಳಿದು ನೋಡಿದರೆ ಎಡ ಚಕ್ರದ ಹಿಂದೆ ಬ್ರೇಕ್ ಆಯಿಲ್ ಹನಿಹನಿಯಾಗಿ ಬೀಳುತ್ತಿತ್ತು. ಚಾಸಿಗೆ ಅಂಟಿಕೊಂಡು ಹೋಗುವ ಸಣ್ಣ ಪೈಪು ತುಕ್ಕು ತಿಂದು ಸಿಡಿದಿತ್ತು.

ಹೆಂಗಸರೆಲ್ಲ ಬಗ್ಗಿ ಆ ಹನಿಗಳನ್ನು ನೋಡಿದರು. ಅವನು ಹಿಂತಿರುಗಿ ದಿಬ್ಬದ ಕಡೆ ನೋಡಿದ. ಎರಡು ತಿರುವು. ಎರಡನೆಯ ತಿರುವಿನ ಆಚೆ ತಡೆಗೋಡೆಯೇ ಇಲ್ಲ. ನಿನ್ನೆ ಅದೇ ದಾರಿಯಲ್ಲಿ ಈ ಆರೂ ಜನ ಒದ್ದೆ ಗಂಟುಗಳ ಮೇಲೆ ಕೂತು, ಯಾರದೋ ಮದುವೆಯ ಮಾತಾಡುತ್ತ, ನಗುತ್ತ ಇಳಿದಿದ್ದರು. ಹೆಂಡತಿ ಯಾವಾಗಲೂ ಕೂರುತ್ತಿದ್ದದ್ದು ಎಡಗಡೆಯ ಮೂಲೆಯಲ್ಲೇ. ಕನ್ನಡಿಯಲ್ಲಿ ಗಂಡನಿಗೆ ಕಾಣುವ ಜಾಗ ಅದು.

ಅವನು ಅಲ್ಲೇ ಹಳೆಯ ಟೈರಿನ ಮೇಲೆ ಕೂತ. "ನೀವು ಇವತ್ತು ಹತ್ತಲಿಲ್ಲ," ಎಂದ. ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟಳು. ನಾನು ಹೇಳಿರಲಿಲ್ಲವೇ ಎನ್ನುವ ಮಾತು ಅವಳ ಬಾಯಿಂದ ಬರಲಿಲ್ಲ. ಆ ಒಂದು ಮಾತು ಆಡದೆ ಇದ್ದದ್ದಕ್ಕೂ ಅವನು ಇವತ್ತಿಗೂ ಅವಳಿಗೆ ಋಣಿ.

ಅಜ್ಜ ಮ್ಯಾಟು ಬಿಚ್ಚಿಸಿದರು. ಕೆಳಗೆ ನೆಲವೇ ಇರಲಿಲ್ಲ, ಕಂದು ಕೆಸರಿತ್ತು. "ನೋಡಪ್ಪ, ತೊಟ್ಟಿಯ ನೀರು ಹರಿದು ಹೋಗಲಿ ಅಂತ ಕಂಪನಿಯವರು ತೂತು ಇಟ್ಟಿರ್ತಾರೆ. ಅದನ್ನ ನೀನು ಮ್ಯಾಟ್ ಹಾಕಿ ಮುಚ್ಚಿದೆ. ಸ್ಕ್ರೂಗೆ ಅಂತ ನೀನೇ ಇಪ್ಪತ್ತು ತೂತು ಕೊರೆದೆ, ಅದರ ಬಾಯಿಗೆ ಬಣ್ಣ ಮುಟ್ಟಿಸಲಿಲ್ಲ. ದಿನಾ ಬ್ಲೀಚಿಂಗ್ ನೀರು ಇಳೀತು. ಬ್ಲೀಚು, ಉಪ್ಪು, ಗೊಬ್ಬರ, ಇವು ಮೂರೂ ಕಬ್ಬಿಣಕ್ಕೆ ವಿಷ ಕಣಯ್ಯ."

"ಪ್ರೀತಿಯಿಂದ ಮಾಡಿದ್ದಜ್ಜ."

"ಅದಕ್ಕೇ ಕಣ್ಣಿಗೆ ಕಾಣಲಿಲ್ಲ. ಅನ್ನ ಹಾಕಿದ ಗಾಡಿಗೆ ಕೃತಜ್ಞತೆ ತೋರಿಸಬೇಕು ಅಂದ್ರೆ ಅದರ ಮುಖ ಒರೆಸಿದ್ರೆ ಸಾಲದು. ಹೊಟ್ಟೆ ನೋಡಬೇಕು."

"ಇನ್ನು ಉಳಿಯುತ್ತಾ ಇದು?"

"ಕೊಳೆತಿರೋದು ಒಂದೇ ಕಡೆ. ಅಷ್ಟನ್ನ ಕತ್ತರಿಸಿ ಹೊಸ ಪಟ್ಟಿ ಬೆಸುಗೆ ಹಾಕ್ತೀನಿ. ಬ್ರೇಕ್ ಪೈಪು ಒಂದನ್ನೂ ಬಿಡದೆ ಎಲ್ಲಾ ಹೊಸದು. ಚಾಸಿ ಉದ್ದಕ್ಕೂ ಹೋಗಿದ್ರೆ ನಾನು ಕೈ ಹಾಕ್ತಿರಲಿಲ್ಲ. ಕೈ ಮುಗಿದು ಗುಜರಿಗೆ ಕಳಿಸು ಅಂತಿದ್ದೆ." ಅಜ್ಜ ಎದ್ದು ಕೈ ಒರೆಸಿಕೊಂಡರು. "ಇನ್ನೊಂದು ಮಾತು. ಸರಿಯಾದ ಮೇಲೂ ಹಿಂದೆ ಜನ ಕೂರೋ ಹಾಗಿಲ್ಲ. ಅದು ಸಾಮಾನಿನ ಗಾಡಿ. ಇವರೇನು ಸಾಮಾನಾ?"

ಇವರೇನು ಸಾಮಾನಾ? ಈ ಪ್ರಶ್ನೆಯನ್ನು ಹದಿನೇಳು ವರ್ಷ ಯಾರೂ ಕೇಳಿರಲಿಲ್ಲ. ಬಟ್ಟೆಗೆ ಕಲೆ ಬಿದ್ದರೆ ಕೇಳಲು ಗುಮಾಸ್ತನಿದ್ದ, ಗುತ್ತಿಗೆದಾರನಿದ್ದ, ಬರೆದಿಡಲು ರಿಜಿಸ್ಟರ್ ಇತ್ತು. ಆ ಬಟ್ಟೆಯ ಮೇಲೆ ಕೂತು ಇಳಿಜಾರು ಇಳಿಯುವವರ ಬಗ್ಗೆ ಬರೆದಿಡಲು ಒಂದು ಹಾಳೆಯೂ ಇರಲಿಲ್ಲ.

ಅಂದೇ ಮಧ್ಯಾಹ್ನ ಆರೂ ಜನ ಗುತ್ತಿಗೆದಾರನ ಬಾಗಿಲಲ್ಲಿ ನಿಂತರು. ಅತ್ತಿಗೆ ಸಿಡಿದ ಪೈಪನ್ನು ಅವನ ಮೇಜಿನ ಮೇಲಿಟ್ಟು, "ಬಟ್ಟೆಗೊಂದು ಗಾಡಿ, ನಮಗೊಂದು ಗಾಡಿ. ಅಲ್ಲೀವರೆಗೆ ನಾವು ಒಗೀತೀವಿ, ಇಳಿಸೋದಿಲ್ಲ," ಎಂದರು. ಅವನು ನಕ್ಕ. ಮೂರನೆಯ ದಿನ ಆಸ್ಪತ್ರೆಯಲ್ಲಿ ಒಣಗಿದ ಬೆಡ್‌ಶೀಟು ಮುಗಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಒಗೆಯುವ ಮನೆಯ ಮುಂದೆ ಸೀಟಿರುವ ವ್ಯಾನು, ಬಟ್ಟೆಗೆ ಒಂದು ಬಾಡಿಗೆ ಗಾಡಿ ಬಂದು ನಿಂತವು. ಗುಮಾಸ್ತ ಎದುರಿಗೆ ಬಂದು ಹೆಂಗಸರಿಗೆ ಏನೋ ಹೇಳಲು ಹೋದ, ಮಾತು ಸಿಗದೆ ಕುಡಿಯಲು ನೀರು ಬೇಕಾ ಎಂದು ಕೇಳಿದ. ಕ್ಷಮೆ ಕೇಳಲು ಬಾರದವರು ಹಾಗೆಯೇ ಕೇಳುತ್ತಾರೆ. ಅವರು ನೀರು ಕುಡಿದರು.

ಹಿರಿಮಗ ಮೂರು ವಾರ ಶೆಡ್ಡಿನಲ್ಲಿದ್ದು ಬಂದ. ಈಗ ಅದರಲ್ಲಿ ಮ್ಯಾಟಿಲ್ಲ, ಮರದ ಪಟ್ಟಿಗಳ ಜಾಲರಿ ಇದೆ, ದಿನಾ ಎತ್ತಿ ಬಿಸಿಲಿಗಿಡಬಹುದಾದಂಥದು. ಬಯಲಿಗೆ ಬಟ್ಟೆ ಇಳಿಸಿದ ತಕ್ಷಣ ಗಾಡಿಯವನು ತೊಟ್ಟಿಗೂ ಅಡಿಗೂ ಒಳ್ಳೆಯ ನೀರು ಹಾಯಿಸುತ್ತಾನೆ, ಕಡ್ಡಿ ಹಾಕಿ ತೂತುಗಳ ಕಸ ತೆಗೆಯುತ್ತಾನೆ. ವಾರಕ್ಕೊಮ್ಮೆ ಅಡಿಗೆ ಹೋಗಿ ಮಲಗುತ್ತಾನೆ. ಬೆನ್ನಿಗೆ ಹಾಸಿಕೊಳ್ಳುವುದು ಹೆರಿಗೆ ವಾರ್ಡಿನ ಅದೇ ಬೆಡ್‌ಶೀಟು. ಆಸ್ಪತ್ರೆ ಬೇಡವೆಂದು ಬಿಸಾಡಿದ್ದನ್ನು ಅವನು ಎತ್ತಿಟ್ಟುಕೊಂಡಿದ್ದಾನೆ. ಹೆಂಡತಿ ಮೇಲಿನಿಂದ, "ಎಡಗಡೆ ತಟ್ಟಿದ್ರಾ?" ಎನ್ನುತ್ತಾಳೆ. ಠಣ್ ಎಂದು ಕೇಳಿದ ಮೇಲೇ ಅವಳು ಅಲ್ಲಿಂದ ಕದಲುವುದು.

ಇದನ್ನು ಓದುತ್ತಿರುವ ಅಣ್ಣಂದಿರೇ, ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ಮನೆ ಮುಂದೆಯೂ ಒಂದು ಹಳೆಯ ಗಾಡಿ ನಿಂತಿರಬಹುದು. ನಿಮಗೆ ಅನ್ನ ಹಾಕಿದ ಗಾಡಿ. ಇವತ್ತು ಬೆಳಕಿರುವಾಗಲೇ ಅದರ ಅಡಿಗೆ ಬಗ್ಗಿ ನೋಡಿ. ತಟ್ಟಿ, ಕಿವಿಗೊಡಿ. ಬಣ್ಣದ ಡಬ್ಬಿ ತೆರೆಯುವ ಮುಂಚೆ ತುಕ್ಕು ಕೆರೆಯಿರಿ. ಬ್ರೇಕ್ ಆಯಿಲ್ ಇಳಿಯುತ್ತಿದ್ದರೆ ತುಂಬಿ ಸುಮ್ಮನಾಗಬೇಡಿ. ಅದು ಎಲ್ಲಿ ಸೋರುತ್ತಿದೆ ಎಂದು ತಿಳಿಯುವವರೆಗೆ ಗಾಡಿ ತೆಗೆಯಬೇಡಿ. ಆರು ತಿಂಗಳಿಗೊಮ್ಮೆ ಬಲ್ಲವರಿಗೆ ಚಾಸಿ, ಬ್ರೇಕ್ ಪೈಪು ತೋರಿಸಿ. ಸಾಮಾನು ಹೊರುವ ತೊಟ್ಟಿಯಲ್ಲಿ ನಿಮ್ಮವರನ್ನು ಕೂರಿಸಬೇಡಿ. ಬೇರೆಯವರು ಕೂರು ಎಂದರೆ ನೀವೂ ಹತ್ತಬೇಡಿ. ಹತ್ತುವುದಿಲ್ಲ ಎಂದು ಒಬ್ಬಳು ಹೇಳಿದರೆ ಪಕ್ಕದಲ್ಲಿ ಹೋಗಿ ನಿಲ್ಲಿ.

ಆ ಆರು ಜನ ಒಂದು ಬೆಳಿಗ್ಗೆ ನೆಲದ ಮೇಲೆ ನಿಂತರು. ಅದಕ್ಕೇ ಇವತ್ತು ಬಯಲಿನ ಹಗ್ಗಗಳ ತುಂಬ ಬಿಳಿ ಬೆಡ್‌ಶೀಟುಗಳು ಹಾರಾಡುತ್ತಿವೆ, ಅವುಗಳ ನಡುವೆ ಆರು ಜನರ ಮಾತೂ ನಗುವೂ ಕೇಳಿಸುತ್ತಿವೆ.