ಯೋಹಾನಪ್ಪನ ಹೇಳಿಕೆ

೧೯೮೭ರ ಕಬ್ಬಿನ ಹಂಗಾಮು. ಸತ್ತಿ ಎಂಬ ಊರಿನ ರಸ್ತೆಯ ಮೇಲೆ ಕುರಿ ಕಾಯುವ ಮಾಳಸಿದ್ದ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಸತ್ತ. ಸ್ಟೇರಿಂಗ್ ಹಿಡಿದಿದ್ದವನು ಯೋಹಾನಪ್ಪನ ಮಗ ಪ್ರೇಮಾನಂದ. ಅವನಿಗೆ ಲೈಸೆನ್ಸ್ ಇರಲಿಲ್ಲ. ಡ್ರೈವರ್ ಉಸ್ಮಾನನನ್ನು ಕಾಡಿ ಬೇಡಿ ಗಾಡಿ ಹಿಡಿದಿದ್ದ. ಗಾಡಿ ನಿಂತದ್ದೇ ತಡ, ಕಬ್ಬಿನೊಳಗೆ ನುಗ್ಗಿ ಓಡಿಹೋದ. ಉಸ್ಮಾನ ಓಡಲಿಲ್ಲ, ಮಾಳಸಿದ್ದನ ಬಾಯಿಗೆ ನೀರು ಬಿಡುತ್ತ ಕೂತ. ಸೇರಿದ ಜನ ಅವನನ್ನೇ ಹಿಡಿದು ಬಡಿದು ಪೊಲೀಸರಿಗೆ ಒಪ್ಪಿಸಿದರು.

ಕಬ್ಬಿನ ಹೇರಿನ ಮೇಲೆ ಕೂತಿದ್ದ ಯೋಹಾನಪ್ಪ ಎಲ್ಲವನ್ನೂ ಕಂಡಿದ್ದ. ಬಾಯಿಂದ ಮಾತು ಹೊರಡಲಿಲ್ಲ.

ಸಂಜೆ ಟ್ರ್ಯಾಕ್ಟರಿನ ಮಾಲಕ ರಾವಸಾಹೇಬ ಮನೆಗೇ ಬಂದ. “ಉಸ್ಮಾನಗ ಲೈಸೆನ್ಸ್ ಐತಿ, ಹೆಂಗರ ಪಾರಾಗ್ತಾನ. ನಿನ್ನ ಮಗನ ಹೆಸರ ಎತ್ತಬ್ಯಾಡ,” ಎಂದ. ಯೋಹಾನಪ್ಪನ ಹೆಂಡತಿ ರಾಹೇಲವ್ವ ರಾವಸಾಹೇಬನಿಗೆ ಕೈಮುಗಿದಳು.

ರವಿವಾರ ಚರ್ಚಿನಲ್ಲಿ, ಸಭೆಯ ಹಿರಿಯನಾದ ಯೋಹಾನಪ್ಪ ಪ್ರಾರ್ಥನೆಗೆ ಎದ್ದು ನಿಂತ. ‘ಸ್ವಾಮೀ’ ಅಂದದ್ದಷ್ಟೇ, ಮುಂದೆ ಹೋಗಲಾಗಲಿಲ್ಲ. ಇಪ್ಪತ್ತು ವರ್ಷ ಅದೇ ಜಾಗದಲ್ಲಿ ನಿಂತು, ಎಲ್ಲ ಬಿಟ್ಟು ನಿನ್ನ ಹಿಂದೆ ಬರುತ್ತೇನೆ ಎಂದಿದ್ದ. ಬಿಡಲು ನನ್ನ ಹತ್ತಿರ ಏನೂ ಇಲ್ಲವೆಂಬ ಧೈರ್ಯಕ್ಕೆ ಹಾಗೆ ಅಂದಿದ್ದೆನೇನೋ ಅನ್ನಿಸಿತು.

ಮನೆಗೆ ಬಂದು ಮತ್ತೆ ಚಪ್ಪಲಿ ಮೆಟ್ಟಿದ.

“ಎಲ್ಲಿಗ್ರಿ?” ಎಂದಳು ರಾಹೇಲವ್ವ.

“ಠಾಣೇಕ.”

“ನಮಗಿರಾಂವ ಅವ ಒಬ್ಬಾವ್ರಿ. ದೇವರು ಆ ಮಗನ್ನೂ ಬೇಡ್ತಾನೇನ್ರಿ?”

“ಉಸ್ಮಾನಗೂ ತಾಯಿ ಅದಾಳ. ನಾ ಸುಮ್ನಿದ್ರ ಯೇಸುವಿನ ಹೆಸರ ಯಾವ ಬಾಯಿಲೆ ಹೇಳ್ಲಿ?”

“ಹಂಗಾರ ಹೋಗ್ರಿ. ಬಂದಮ್ಯಾಲೆ ನನ್ನ ಜೋಡಿ ಮಾತಾಡಬ್ಯಾಡ್ರಿ.”

ಮೊದಲು ಕುಡಚಿಗೆ ಹೋದ. ಮಗ ಅಲ್ಲಿ ಸೋದರತ್ತೆಯ ಮನೆಯಲ್ಲಿ ಅಡಗಿದ್ದ. “ನೀನಾಗೇ ಬಾರಪಾ, ನಿನ್ನ ಜೋಡಿ ನಾ ನಿಲ್ತೀನಿ,” ಎಂದು ಅವನ ಕಾಲು ಹಿಡಿದ. ಪ್ರೇಮಾನಂದ ಕಾಲು ಜಾಡಿಸಿ ಹಿತ್ತಲಿನಿಂದ ಓಡಿದ. ಆಮೇಲೆ ಯೋಹಾನಪ್ಪ ಠಾಣೆಗೆ ಹೋಗಿ ಕಂಡದ್ದನ್ನು ಕಂಡಂತೆ ಬರೆಸಿ ಸಹಿ ಮಾಡಿದ.

ಮೂರನೆಯ ದಿನ ಮಗ ಸಿಕ್ಕಿಬಿದ್ದ. ಕೋರ್ಟಿನಲ್ಲಿ ಅಪ್ಪ ಸಾಕ್ಷಿ ಹೇಳುವಾಗ ಪ್ರೇಮಾನಂದ ತಲೆ ಎತ್ತಲಿಲ್ಲ. ಎರಡು ವರ್ಷ ಶಿಕ್ಷೆಯಾಯಿತು. ಉಸ್ಮಾನ ಹೊರಗೆ ಬಂದ, ಆದರೆ ಪೆಟ್ಟು ತಿಂದ ಬಲಗೈ ಮತ್ತೆ ಮಡಚಲು ಬರಲಿಲ್ಲ. ಅವನ ತಾಯಿ ಹಾಜಿರಾಬಿ ಯೋಹಾನಪ್ಪನ ಅಂಗಳದಲ್ಲಿ ನಿಂತು, “ಅವತ್ತ ಬಡಿಯೂಮುಂದ ಯಾಕ ಬಾಯಿ ಬಿಡಲಿಲ್ರಿ?” ಎಂದು ಕೇಳಿದಳು. ಅವನು ಅವಳ ಕಾಲಿನ ಹತ್ತಿರ ಮಣ್ಣಲ್ಲಿ ಕೂತುಬಿಟ್ಟ.

ತಿಂಗಳಿಗೊಮ್ಮೆ ಜೈಲಿಗೆ ಹೋದ. ಮಗ ಒಮ್ಮೆಯೂ ಮುಖ ತೋರಿಸಲಿಲ್ಲ. ರಾಹೇಲವ್ವ ರೊಟ್ಟಿ ಬಡಿದು ಮುಂದಿಡುತ್ತಿದ್ದಳು, ಮಾತಿಲ್ಲ. ಶಿಕ್ಷೆ ಮುಗಿದ ಮೇಲೆ ಪ್ರೇಮಾನಂದ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದನೆಂದು ಸುದ್ದಿ ಬಂತು. ಮರುದಿನವೇ ರಾಹೇಲವ್ವ ಮಗನ ಹತ್ತಿರ ಹೋಗಿರಲು ಗಂಟು ಕಟ್ಟಿದಳು. ಯೋಹಾನಪ್ಪ ಆ ಗಂಟನ್ನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತ. ಬಸ್ಸು ಹೊರಟಾಗ ಅವಳು ತಿರುಗಿ ನೋಡಲಿಲ್ಲ. ಯೋಹಾನಪ್ಪ ಒಬ್ಬನೇ ಮನೆಗೆ ಬಂದು ಒಲೆ ಹಚ್ಚಲು ಕೂತ.