ತಣ್ಣನೆ ಗಾಳಿ ಉಗುಳುವ ಒಲೆ

"ಓದೋಕೆ ಕಳಿಸಿದ್ರೆ ಶಾಲೆ ಬಿಟ್ಟು ಓಡಿಬಂದ. ಈಗ ನೋಡ್ರಪ್ಪಾ, ಫ್ಯಾನು ತಂದಿಟ್ಟು ನೀರು ಕಾಯಿಸ್ತಾನಂತೆ!"

ನಮ್ಮ ಹಳೇ ಗಿರಾಕಿ ಗೆಂಗ್ ತಾತ ಇದನ್ನು ಹೇಳಿದ್ದು ನಮ್ಮ ಸ್ನಾನದಂಗಡಿಯ ಅಂಗಳದಲ್ಲಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಇಡೀ ಬೀದಿಯ ಗಂಡಸರ ಮುಂದೆ. ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು.

ಹಳೇ ವರ್ಷದ ಕೊಳೆ ತೊಳೆಯದೆ ಚೀನಾದ ನಮ್ಮ ಶಾನ್‌ಡಾಂಗ್‌ನಲ್ಲಿ ಯಾರೂ ಹೊಸ ವರ್ಷಕ್ಕೆ ಕಾಲಿಡುವುದಿಲ್ಲ. ನಮ್ಮ ಬೀದಿಯವರಿಗೆ ಆ ಸ್ನಾನ ಅಮ್ಮನ ಬಿಸಿನೀರ ಕೊಳದಲ್ಲೇ ಆಗಬೇಕು. ಆದರೆ ಈ ಸಲ ಸರ್ಕಾರ ಕಲ್ಲಿದ್ದಲು ಸುಡಬೇಡಿ ಎಂದಿತು. ಗಾಳಿಯ ಬಿಸಿ ಹೀರಿ ನೀರಿಗೆ ಕೊಡುವ ಯಂತ್ರ ಹಾಕಿಸಿಕೊಂಡರೆ ಹೆಚ್ಚಿನ ಖರ್ಚು ತಾನೇ ಕೊಡುವುದಾಗಿಯೂ ಹೇಳಿತು. ಅಮ್ಮ ಅಂಗಡಿಯನ್ನೇ ಮುಚ್ಚಿಬಿಡೋಣ ಎಂದಳು. ಹಟ ಹಿಡಿದು ಯಂತ್ರ ಹಾಕಿಸಿದವನು ನಾನು. ಇವತ್ತು ನೀರು ಕಾಯದಿದ್ದರೆ ಜನ ಪೇಟೆಯ ಸ್ನಾನದಂಗಡಿಗೆ ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ.

ತಾತ ಯಂತ್ರದ ಮುಂದೆ ಅಂಗೈ ಹಿಡಿದ. "ಬನ್ರೋ, ಮುಟ್ಟಿ ನೋಡಿ! ಮಂಜುಗಡ್ಡೆ ಥರ ಗಾಳಿ. ಹಿಂದುಮುಂದಾಗಿ ಕೂರಿಸಿದಾನೆ, ಕತ್ತೆ!"

ಒಬ್ಬೊಬ್ಬರೂ ಬಂದು ಕೈ ಒಡ್ಡಿದರು. ಗಾಳಿ ನಿಜಕ್ಕೂ ಕೊರೆಯುತ್ತಿತ್ತು.

"ಇರ್ಲಿ ಬಿಡಿ, ಬೇಸಿಗೇಲಿ ಐಸ್‌ಕ್ಯಾಂಡಿ ಮಾರಬಹುದು," ಎಂದ ಕ್ಷೌರದ ಚೂ.

"ಬಾವ್‌ಶಾನ್, ನಿಜವಾಗ್ಲೂ ಹಿಂದುಮುಂದಾಗಿಲ್ಲ ತಾನೆ?" ಎಂದು ಅಮ್ಮ ಮೆಲ್ಲಗೆ ಕೇಳಿದಳು. ಎಲ್ಲರ ನಗುವಿಗಿಂತ ಅದು ಹೆಚ್ಚು ಚುಚ್ಚಿತು.

"ಸೋಯಾ ಹಾಲು ಹಿಂಡಿದ ಮೇಲೆ ಬಟ್ಟೇಲಿ ಉಳಿಯೋದು ಹಿಂಡಿ ತಾನೆ?" ಎಂದು ಕೂಗಿದೆ. "ಬಿಸಿಯೆಲ್ಲ ಒಳಗೆ ಹೋಯ್ತು, ಹೊರಗೆ ಬರ್ತಿರೋದು ಹಿಂಡಿ! ಹೋಗಿ ಕಾಲಿಟ್ಟು ನೋಡಿ ತಾತ."

ಒಳಗೆ ಮೂಲೆಯಲ್ಲಿ ಪಾದ ಕಾಯಿಸುವ ಚಿಕ್ಕ ಕೊಳವಿದೆ. ಎಲ್ಲಕ್ಕಿಂತ ಹೆಚ್ಚು ಸುಡುವ ನೀರು ಅದು. ಅದರ ಹಲಗೆಯೇ ಗೆಂಗ್ ತಾತನ ಸಿಂಹಾಸನ. ಬೇರೆ ಯಾರೂ ಅಲ್ಲಿ ಕೂತು ತಾಳಿದ್ದಿಲ್ಲ. ಕಲ್ಲಿದ್ದಲಿನ ಕಾಲದಲ್ಲೂ "ಬಿಸಿ ಸಾಲ್ದು, ನೀರು ಸತ್ತಿದೆ" ಎಂದು ಮೂಗು ಮುರಿಯುತ್ತಿದ್ದ ಮನುಷ್ಯ ಈಗ ಎದೆಯುಬ್ಬಿಸಿ ಬಂದು ಎರಡೂ ಕಾಲು ಒಟ್ಟಿಗೆ ಇಳಿಬಿಟ್ಟ.

"ಅಯ್ಯಯ್ಯಪ್ಪೋ!"

ತಾತ ಕಪ್ಪೆಯಂತೆ ಹಾರಿದ. ಟವೆಲ್ಲು ನೀರಿಗೆ ಬಿತ್ತು. ಮೊಣಕಾಲಿನವರೆಗೂ ಬೆಂದ ಸೀಗಡಿಯ ಕೆಂಪು.

"ಸತ್ತ ನೀರು ಕಚ್ಚಿತಾ ತಾತ?" ಎಂದ ಚೂ.

ಗೋಡೆ ಅದುರುವಂತೆ ಎಲ್ಲರೂ ನಕ್ಕರು. ತಾತ ಸುತ್ತ ನೋಡಿದ. ಒಂದೊಂದೇ ಬೆರಳು ಮುಳುಗಿಸಿ, ಹಿಮ್ಮಡಿ ಮುಳುಗಿಸಿ, ಹಲಗೆಯ ಮೇಲೆ ಕೂತು ಕಣ್ಣು ಮುಚ್ಚಿದ. ಅವನ ಗಂಟಲಿನಿಂದ ಉದ್ದಕ್ಕೆ ಒಂದು "ಹಾ..." ಹೊರಟಿತು. ಆ "ಹಾ" ಕೇಳಿದ ಕೂಡಲೇ ಉಳಿದವರೆಲ್ಲ ದೊಡ್ಡ ಕೊಳಕ್ಕೆ ದುಮುಕಿದರು. ಆವಿಯೊಳಗೆ ಯಾರೋ ಅಪಸ್ವರದಲ್ಲಿ ಹಾಡತೊಡಗಿದರು. ಬಾಗಿಲ ಪರದೆಯಾಚೆ ಅಮ್ಮ ಚಹಾದ ಜೊತೆಗೆಂದು ಹಸಿರು ಮೂಲಂಗಿ ಹೆಚ್ಚುತ್ತಿದ್ದಳು. ನಗು ತಡೆಯಲಾರದೆ ಚಾಕು ಕೆಳಗಿಟ್ಟಳು.

ನಾನು ತಟ್ಟೆ ತೆಗೆದುಕೊಂಡು ಒಳಗೆ ಹೋದೆ. ತಾತ ಒಂದೇ ಕಣ್ಣು ತೆರೆದು, ಎಲ್ಲರಿಗೂ ಕೇಳುವಂತೆ ಗದರಿದ:

"ಲೇ ಬಾವ್‌ಶಾನ್! ನಿಜ ಹೇಳು, ಕಲ್ಲಿದ್ದಲು ಎಲ್ಲಿ ಬಚ್ಚಿಟ್ಟಿದೀಯೋ?"

ಅವನ ಟವೆಲ್ಲನ್ನು ನೀರಿನಿಂದೆತ್ತಿ, ಹಿಂಡಿ, ಅವನ ಬೋಳುತಲೆಯ ಮೇಲೆ ಹಾಸಿದೆ. ಮೂಲಂಗಿಯ ತಟ್ಟೆಯನ್ನು ಪಕ್ಕದಲ್ಲಿಟ್ಟು, ಬೆನ್ನು ತಿರುಗಿಸಿ ಹೊರಟೆ.